ಸಹಾಯ ಬೇಕು: ಕಡಿಮೆ ಅವಧಿಯ ದೇಶೀಯ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಸಾರ್ಥಕವೇ?

ಸದಸ್ಯರೆಲ್ಲರಿಗೂ ನಮಸ್ಕಾರ. ಮಂಡಿನೋವಿನಿಂದ ಬಳಲುತ್ತಿರುವ ನನ್ನ ತಂದೆಯವರನ್ನು ಸುಮಾರು ಒಂದೂವರೆ ಗಂಟೆಯ ದೇಶೀಯ ವಿಮಾನದಲ್ಲಿ ಕರೆದುಕೊಂಡು ಹೋಗಬೇಕಾಗಿದ್ದು, ಅವರಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಮಾಡಿಸುವುದು ಸೂಕ್ತವೇ ಎಂಬ ಬಗ್ಗೆ ಅನುಭವಸ್ಥರ ಸಲಹೆ ಬೇಕಾಗಿದೆ.

ಏರ್‌ಬಸ್ ಎ320, ಬೋಯಿಂಗ್ 737ರಂತಹ ವಿಮಾನಗಳ ಎಕಾನಮಿ ವಿಭಾಗದಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 28ರಿಂದ 31 ಇಂಚು ಅಂತರವಷ್ಟೇ ಇರುವುದರಿಂದ, ಉದ್ದಕ್ಕೂ ಮಂಡಿ ಮಡಚಿಕೊಂಡೇ ಕೂರಬೇಕಾಗುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಕೆಲವು ಸಂಸ್ಥೆಗಳು ನಿಜಕ್ಕೂ ಅಗಲವಾದ ಆಸನ ಕೊಡುತ್ತವೆ. ಯುರೋಪಿನ ಹಲವು ಸಂಸ್ಥೆಗಳಂತೆ ಇನ್ನು ಕೆಲವು, ಮಾಮೂಲಿ ಮೂರು ಆಸನಗಳಲ್ಲಿ ನಡುವಿನದನ್ನು ಖಾಲಿ ಬಿಟ್ಟು ಅದನ್ನೇ ಬಿಸಿನೆಸ್ ಎಂದು ಮಾರುತ್ತವೆ. ಎರಡನೆಯ ಬಗೆಯದಾದರೆ ಕಾಲಿಗೆ ಹೇಳಿಕೊಳ್ಳುವಂಥ ಅನುಕೂಲವಿಲ್ಲ. ಲೌಂಜ್, ಊಟ ನಮಗೆ ಮುಖ್ಯವಲ್ಲ.

ಗಾಲಿಕುರ್ಚಿಯ ನೆರವು ಎಕಾನಮಿ ಪ್ರಯಾಣಿಕರಿಗೂ ಸಿಗುತ್ತದೆ. ತುರ್ತು ನಿರ್ಗಮನದ ಸಾಲಿನಲ್ಲಿ ಜಾಗ ಹೆಚ್ಚಿದ್ದರೂ, ಓಡಾಡಲು ಕಷ್ಟಪಡುವವರಿಗೆ ಅದನ್ನು ಕೊಡುವುದಿಲ್ಲ. ಹಾಗಾದರೆ ಸ್ವಲ್ಪ ಹೆಚ್ಚುವರಿ ಹಣ ಕೊಟ್ಟು ಎಕಾನಮಿಯ ಮೊದಲ ಸಾಲಿನಲ್ಲಿ ನಡುದಾರಿಯ ಪಕ್ಕದ ಆಸನ ಪಡೆದರೆ ಸಾಕಾಗಬಹುದೇ, ಅಥವಾ ಎದುರಿನ ಗೋಡೆಯಿಂದಾಗಿ ಅಲ್ಲಿ ಕಾಲು ಚಾಚುವುದು ಇನ್ನೂ ಕಷ್ಟವೇ? ಮಂಡಿನೋವಿರುವ ಹಿರಿಯರೊಂದಿಗೆ ಪ್ರಯಾಣಿಸಿದವರು ದಯವಿಟ್ಟು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.