ಡಾಲರ್ ಈಗಲೇ ಕೊಳ್ಳಲಾ, ಆಗಸ್ಟ್‌ವರೆಗೆ ಕಾಯಲಾ? ಅನುಭವ ಇದ್ದವರು ಹೇಳಿ

ಸಾಧನಕೇರಿ ಅಪ್ಪ (ಫೆಬ್ರುವರಿ 2025):
ಮಗಳಿಗೆ ಅಮೆರಿಕದಲ್ಲಿ ಎಂಎಸ್ ಸೀಟು ಸಿಕ್ಕಿದೆ. ಮೊದಲ ಸೆಮಿಸ್ಟರ್ ಫೀ 12,000 ಡಾಲರ್, ಆಗಸ್ಟ್‌ನಲ್ಲಿ ಕಟ್ಟಬೇಕು. ಸೆಪ್ಟೆಂಬರ್‌ನಲ್ಲಿ ಲೆಕ್ಕ ಹಾಕಿದಾಗ ಡಾಲರ್ 84ರ ಒಳಗಿತ್ತು, ಈಗ 87. ಅರ್ಧ ಸಾಲ, ಅರ್ಧ ನನ್ನ ಪಿಎಫ್ ದುಡ್ಡು. ಹಿಂದೆ ದರ ಏರಿಳಿದಾಗ ನೀವೇನು ಮಾಡಿದಿರಿ?

ಉಣಕಲ್ ತಾಯಿ:
ಕಾಯಬೇಡಿ ಅಣ್ಣಾರೆ. ನಾವು 2013ರಲ್ಲಿ ಕಾದು ಕೈ ಸುಟ್ಟುಕೊಂಡೆವು. ಮೇ ಮೊದಲ ವಾರ ಡಾಲರ್ 54 ಇತ್ತು. ಯಜಮಾನರು "52 ಆಗಲಿ ತಡಿ" ಅಂದರು. ಅದೇ ತಿಂಗಳು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ಮುಖ್ಯಸ್ಥ ಬರ್ನಾಂಕೆ ಬಾಂಡ್ ಖರೀದಿ ಕಡಿಮೆ ಮಾಡುವ ಮಾತಾಡಿದರು. ಇಲ್ಲಿದ್ದ ವಿದೇಶಿ ದುಡ್ಡು ಹೊರಗೆ ಓಡಿತು. ಆಗಸ್ಟ್ 28ಕ್ಕೆ 68 ದಾಟಿತು. ಮರುದಿನವೇ ನಮ್ಮ ಫೀ ಕಟ್ಟುವ ಕೊನೆ ದಿನ. ಟೀವಿಯಲ್ಲಿ 68 ಚಿಲ್ಲರೆ, ಬ್ಯಾಂಕಿನ ಕೌಂಟರಿನಲ್ಲಿ 69.90. 10,000 ಡಾಲರಿಗೆ 5.4 ಲಕ್ಷ ತೆಗೆದಿಟ್ಟಿದ್ದೆವು, ಹೋಗಿದ್ದು 6.99 ಲಕ್ಷ. ನನ್ನ ಎರಡು ಪಾಟ್ಲಿ ಅಡವಿಟ್ಟೆವು. ಅಷ್ಟಾದ ಮೇಲೆ ನಡುವಿನ ಬ್ಯಾಂಕೊಂದು 25 ಡಾಲರ್ ಮುರಿದುಕೊಂಡು ಕಾಲೇಜಿಗೆ 9,975 ಮುಟ್ಟಿಸಿತು. ಆ 25ಕ್ಕೆ ಮಗನ ಹೆಸರು ಹನ್ನೊಂದು ದಿನ ಬಾಕಿ ಪಟ್ಟಿಯಲ್ಲಿತ್ತು.

ಬೆಟಗೇರಿ ಟು ದುಬೈ:
ಅಕ್ಕಾರೆ, ಅದೇ ವಾರ ನಾನು ಇನ್ನೊಂದು ತುದಿಯಲ್ಲಿ ಕಾದು ಕೆಟ್ಟೆ. ದುಬೈ ದುಡ್ಡು ದಿರ್ಹಾಮ್ 1997ರಿಂದ ಡಾಲರಿಗೆ 3.6725ಕ್ಕೆ ಕಟ್ಟಿದ್ದು, ಕದಲುವುದಿಲ್ಲ. ಡಾಲರ್ ಏರಿದರೆ ನಮ್ಮದೂ ಏರುತ್ತದೆ. 2008ರ ಜನವರಿಯಲ್ಲಿ ಹೋದಾಗ ಒಂದು ದಿರ್ಹಾಮ್‌ಗೆ 10.70 ಸಿಗುತ್ತಿತ್ತು. 2013ರ ಆಗಸ್ಟ್ ಕೊನೆಗೆ 18.50. ರೂಮಿನವರೆಲ್ಲ 20 ಆಗುತ್ತದೆ ಅಂದರು. 15,000 ದಿರ್ಹಾಮ್ ಹಿಡಿದು ಕೂತೆ. ಸೆಪ್ಟೆಂಬರ್‌ನಲ್ಲಿ ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿಗೆ ಗವರ್ನರ್ ಆಗಿ ಬಂದರು, ಹೊರದೇಶದಲ್ಲಿರುವ ನಮ್ಮವರ ಡಾಲರ್ ಡಿಪಾಸಿಟ್ ತರಿಸಿದರು, ಅಕ್ಟೋಬರ್‌ಗೆ 16.70. ನನ್ನ 27,000 ರೂಪಾಯಿ ಹೋಯ್ತು. ಇತ್ತ ಬೆಟಗೇರಿ ಮನೆಯ ಸ್ಲ್ಯಾಬಿಗೆ ಸರಳು ಕಟ್ಟಿಸಿ ಆಗಿತ್ತು. ಕಾಂಕ್ರೀಟಿಗೆ ದುಡ್ಡು ಮುಟ್ಟದೆ ಎರಡು ತಿಂಗಳು ಸರಳು ತುಕ್ಕು ಹಿಡಿಯಿತು.

ಬ್ಯಾಡಗಿ ಮೆಣಸಿನಕಾಯಿ:
ನಾನು ಕಾಯಲಿಲ್ಲ, ಆದರೂ ಪೆಟ್ಟು ತಿಂದೆ. 2007ರಲ್ಲಿ ಡಾಲರ್ 44ರಿಂದ 39ಕ್ಕೆ ಬಂದು, ಹೊರಗೆ ಮಾಲು ಕಳಿಸಿದ ನಮ್ಮ ಲಾಭವೆಲ್ಲ ಕರಗಿತು. ಹೆದರಿ 2008ರ ಶುರುವಿನಲ್ಲಿ 20,000 ಡಾಲರಿಗೆ 40ರಂತೆ ಫಾರ್ವರ್ಡ್, ಅಂದರೆ ಮುಂದೆ ಬರುವ ಡಾಲರಿಗೆ ಈಗಲೇ ದರ ಗೊತ್ತು ಮಾಡುವ ಕರಾರು, ಮಾಡಿಸಿದೆ. ನವೆಂಬರ್‌ನಲ್ಲಿ ದುಡ್ಡು ಬಂದಾಗ ಹೊರಗೆ 49. ಕಣ್ಣೆದುರೇ 1.8 ಲಕ್ಷ ಹೋಯ್ತು. ಆದರೂ ನಾನು ಮಾಡಿದ್ದು ಸರಿ. ಕೋಲ್ಡ್ ಸ್ಟೋರೇಜ್ ಬಾಡಿಗೆ, ಹಮಾಲಿ, ರೈತರ ಪಟ್ಟಿ ಎಲ್ಲ 40ರ ಲೆಕ್ಕದಲ್ಲೇ ಕೂಡಿಸಿದ್ದೆ. ಒಬ್ಬರ ಬಾಕಿಯೂ ಉಳಿಯಲಿಲ್ಲ. ದುಬೈನವರು ಆಡಿದ್ದು ಸಟ್ಟಾ.

ಬೆಟಗೇರಿ ಟು ದುಬೈ:
ಸಟ್ಟಾ ಅನ್ನಬೇಡಿ ಸಾವ್ಕಾರ್ರೆ. 45 ಡಿಗ್ರಿ ಬಿಸಿಲಲ್ಲಿ ನಿಂತು ದುಡಿದದ್ದು ಅದು. ಎರಡು ರೂಪಾಯಿ ಜಾಸ್ತಿ ಬರಲಿ ಅಂತ ಆಸೆ ಪಟ್ಟರೆ ಜೂಜಾ? ನೀವು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ರೇಟಿಗೆ ಕಾಯುವುದಿಲ್ವಾ?

ಹಳೇ ಹುಬ್ಬಳ್ಳಿ:
ಸುಮ್ನೆ ನಿಮ್ಮ ನಿಮ್ಮಲ್ಲೇ ಜಗಳ ಯಾಕೆ? ಎಲ್ಲ ಸರ್ಕಾರಗಳ ತಪ್ಪು. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು.

ಸಪ್ತಾಪುರ ನಿವೃತ್ತ ಮಾಸ್ತರ:
ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇರಲಿಲ್ಲ. ಆಗ ರೂಪಾಯಿಯನ್ನು ಪೌಂಡಿಗೆ ಕಟ್ಟಿದ್ದರು. ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದರೆ ಪೌಂಡಿಗೆ 13 ರೂಪಾಯಿ ಚಿಲ್ಲರೆ. ಪೌಂಡಿಗೆ 4.03 ಡಾಲರ್. ಭಾಗಿಸಿ ನೋಡಿ, ಡಾಲರಿಗೆ 3.30 ಬರುತ್ತದೆ. 1949ರ ಸೆಪ್ಟೆಂಬರ್‌ನಲ್ಲಿ ಪೌಂಡಿನ ಜೊತೆ ರೂಪಾಯಿಯೂ ಇಳಿದು 4.76 ಆಯಿತು. 1966ರ ಜೂನ್ 6ಕ್ಕೆ 7.50.

ಈ ಕೊನೆಯದು ಪುಸ್ತಕದಲ್ಲಿ ಓದಿದ್ದಲ್ಲ. ಆ ವರ್ಷ ನನ್ನ ಅಣ್ಣ ಅಮೆರಿಕಕ್ಕೆ ಓದಲು ಹೊರಟಿದ್ದ. 500 ಡಾಲರಿಗೆ ಅಂತ ಅಪ್ಪ 2,380 ರೂಪಾಯಿ ಹೊಂದಿಸಿದ್ದರು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ 3,750 ಬೇಕಾಯಿತು. ನವಲಗುಂದದ ಎರಿ ಹೊಲದಲ್ಲಿ ಎರಡು ಎಕರೆ ಮಾರಿದರು. ಅವರ ಲೆಕ್ಕದ ವಹಿ ನನ್ನ ಹತ್ತಿರ ಇದೆ. 4.76 ಅಂತ ಬರೆದು, ಅಡ್ಡಗೆರೆ ಎಳೆದು, ಪಕ್ಕದಲ್ಲಿ 7.50 ಬರೆದಿದ್ದಾರೆ. ಗೆರೆ ಎಳೆದ ಕಡೆ ಹಾಳೆ ಹರಿದಿದೆ.

ಹಳೇ ಹುಬ್ಬಳ್ಳಿ:
ನಮ್ಮ ಅಜ್ಜ ಹೇಳಿದ್ದು ಸರ್. ಅವರು ಸುಳ್ಳು ಹೇಳುವವರಲ್ಲ.

ಸಪ್ತಾಪುರ ನಿವೃತ್ತ ಮಾಸ್ತರ:
ಅಜ್ಜನ ಬಗ್ಗೆ ನಾನೇನೂ ಅಂದಿಲ್ಲ. ಲೆಕ್ಕ ತಪ್ಪು ಅಂದೆ.

ಬ್ಯಾಡಗಿ ಮೆಣಸಿನಕಾಯಿ:
ಅವರು ಕೇಳಿದ್ದು 1947ರ ದರ ಅಲ್ಲರೀ. ಸಾಧನಕೇರಿಯವರೇ, 12,000 ಡಾಲರ್ ಅಂದರೆ 87ರಂತೆ 10.44 ಲಕ್ಷ. ಮಾರ್ಚ್ ಒಳಗೆ ಪೂರ್ತಿ ಕಳಿಸಿದರೆ 7 ಲಕ್ಷ ದಾಟಿದ್ದಕ್ಕೆ ಬ್ಯಾಂಕಿನವರು ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಈ ಬಜೆಟ್‌ನಲ್ಲಿ ಹೇಳಿದ ಪ್ರಕಾರ ಏಪ್ರಿಲ್ 1ರಿಂದ ಮಿತಿ 10 ಲಕ್ಷ, ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಟಿಸಿಎಸ್ ಇಲ್ಲ.

ಸಾಧನಕೇರಿ ಅಪ್ಪ:
ಹಾಗಾದರೆ ಪಿಎಫ್‌ನ 6,000 ಡಾಲರ್ ಈ ವಾರವೇ ಕಳಿಸುತ್ತೇನೆ. ಸಾಲದ್ದು ಏಪ್ರಿಲ್ ಮೇಲೆ.

ಬೆಟಗೇರಿ ಟು ದುಬೈ:
ಏಪ್ರಿಲ್‌ಗೆ 85 ಆದರೆ ಈ ವಾರ ಕಳಿಸಿದ್ದಕ್ಕೆ ಹೊಟ್ಟೆ ಉರಿಯುತ್ತದೆ ನೋಡಿ.

ಉಣಕಲ್ ತಾಯಿ:
90 ಆದರೆ? ಅಣ್ಣಾರೆ, ಕಳಿಸಿಬಿಡಿ. ಫಾರ್ಮಿನಲ್ಲಿ ಎಲ್ಲ ಚಾರ್ಜೂ ಕಳಿಸುವವರದೇ ಅಂತ ಟಿಕ್ ಹಾಕಿಸಿ, ನಿಂತು ನೋಡಿಕೊಂಡು ಬನ್ನಿ. ಆ 25 ಡಾಲರ್ ಮರೆಯಬೇಡಿ.