ಲ್ಯಾಪ್‌ಟಾಪ್ ಬಿಚ್ಚದೆ ಒಳಗಿರುವ ರ‍್ಯಾಮ್ ಯಾವುದು ಅಂತ ತಿಳಿಯೋದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನನ್ನದು ಆರು ವರ್ಷದ ಲ್ಯಾಪ್‌ಟಾಪ್, ಉಬುಂಟು ಹಾಕಿದ್ದೀನಿ. ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತೆ. ಶನಿವಾರ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ರ‍್ಯಾಮ್ ತರೋಣ ಅಂತ. ಅಂಗಡಿಯವರಿಗೆ ಫೋನ್ ಮಾಡಿದ್ರೆ "ಡಿಡಿಆರ್ 3ನಾ 4ನಾ, ಸ್ಪೀಡ್ ಎಷ್ಟು?" ಅಂದ್ರು. ನಾನು ತಬ್ಬಿಬ್ಬು. ಮೆಮೊರಿ ಎಷ್ಟಿದೆ ಅಂತ ತೋರಿಸೋ "ಫ್ರೀ" ಕಮಾಂಡ್ ಕೊಟ್ರೆ 7.6 ಜಿಬಿ ಅಂತ ಬರುತ್ತೆ, ಅಷ್ಟೇ. ಮುಚ್ಚಳ ಬಿಚ್ಚೋಕೆ ಧೈರ್ಯ ಇಲ್ಲ.

ಉತ್ತರ: ಬಿಚ್ಚೋದೇ ಬೇಡ. 8 ಜಿಬಿಯಲ್ಲಿ ಫರ್ಮ್‌ವೇರ್, ಗ್ರಾಫಿಕ್ಸ್ ತಮ್ಮ ಪಾಲು ಎತ್ತಿಟ್ಟುಕೊಂಡ ಮೇಲೆ ಉಳಿದದ್ದನ್ನು ಫ್ರೀ ತೋರಿಸುತ್ತೆ. ಅದಕ್ಕೆ ರ‍್ಯಾಮ್ ಕಡ್ಡಿ ಎಷ್ಟಿವೆ, ಯಾವ ಜಾತಿ ಅನ್ನೋದು ಗೊತ್ತಿಲ್ಲ. ಟರ್ಮಿನಲ್‌ನಲ್ಲಿ ಇದನ್ನು ಕೊಡಿ:

ಸುಡೊ ಡಿಎಂಐಡಿಕೋಡ್ -ಟಿ 17

(ಇಂಗ್ಲಿಷ್ ಸಣ್ಣಕ್ಷರದಲ್ಲಿ. ಡಿ, ಎಂ, ಐ ಆದ ಮೇಲೆ ಜಾಗ ಬಿಡದೆ ಡಿಕೋಡ್. ಸುಡೊ ಬಿಟ್ಟರೆ "ಅನುಮತಿ ಇಲ್ಲ" ಅನ್ನುತ್ತೆ.)

ಒಂದೊಂದು ಸ್ಲಾಟಿಗೂ ಒಂದೊಂದು ಕಂತೆ ಸಾಲು ಬರುತ್ತೆ. ಸೈಜ್, ಟೈಪ್ (ಡಿಡಿಆರ್3, 4 ಅನ್ನೋ ತಲೆಮಾರು), ಸ್ಪೀಡ್, ಫಾರ್ಮ್ ಫ್ಯಾಕ್ಟರ್ (ರ‍್ಯಾಮ್ ಯಾವ ಆಕಾರದ್ದು ಅನ್ನೋದು) ಈ ನಾಲ್ಕನ್ನು ನೋಡಿ. ಸೈಜ್ ಎದುರು "ನೋ ಮಾಡ್ಯೂಲ್ ಇನ್‌ಸ್ಟಾಲ್ಡ್" ಅಂತಿದ್ದರೆ ಆ ಸ್ಲಾಟ್ ಖಾಲಿ.

ಪ್ರಶ್ನೆ ಕೇಳಿದವರು: ಬಂತು ಸರ್! ಎರಡು ಕಂತೆ, ಎರಡೂ 4 ಜಿಬಿ, ಡಿಡಿಆರ್4. ಮೊದಲನೆಯದರಲ್ಲಿ ಫಾರ್ಮ್ ಫ್ಯಾಕ್ಟರ್ "ರೋ ಆಫ್ ಚಿಪ್ಸ್", ಎರಡನೆಯದರಲ್ಲಿ "ಎಸ್‌ಒಡಿಐಎಂಎಂ". ಸ್ಪೀಡ್ 2667, ಆದರೆ ಕಾನ್ಫಿಗರ್ಡ್ ಸ್ಪೀಡ್ 2400. ರ‍್ಯಾಮ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. 2667 ಕಡ್ಡಿಯ ಶಕ್ತಿ, 2400 ನಿಮ್ಮ ಯಂತ್ರ ಓಡಿಸುತ್ತಿರುವ ವೇಗ. ಪ್ರೊಸೆಸರ್‌ನ ಮಿತಿ ಅಷ್ಟೇ ಇದ್ದರೆ ಹೀಗಾಗುತ್ತೆ. ಹಾಗಾಗಿ 3200ರ ಕಡ್ಡಿಗೆ ಹೆಚ್ಚು ದುಡ್ಡು ಸುರಿಯಬೇಡಿ, ಅದೂ 2400ಕ್ಕೇ ಇಳಿಯುತ್ತೆ.

ನಿಮಗೆ ಮುಖ್ಯವಾದ ಸಾಲು "ರೋ ಆಫ್ ಚಿಪ್ಸ್". ಅಂದ್ರೆ ಆ 4 ಜಿಬಿ ಬೋರ್ಡಿಗೇ ಬೆಸುಗೆಯಾಗಿದೆ, ಕೀಳೋಕಾಗಲ್ಲ. ಎಸ್‌ಒಡಿಐಎಂಎಂ ಅಂದ್ರೆ ಸ್ಲಾಟಿಗೆ ಹಾಕಿ ತೆಗೆಯೋ ಕಡ್ಡಿ. ಹಾಗಾಗಿ ಇರೋ ಒಂದೇ ಸ್ಲಾಟ್ ತುಂಬಿದೆ, "ಇನ್ನೊಂದು" ಹಾಕೋಕೆ ಜಾಗವೇ ಇಲ್ಲ. ಹಳೇ 4 ತೆಗೆದು 8 ಹಾಕಿದರೆ ಒಟ್ಟು 12 ಆಗುತ್ತೆ. ಗರಿಷ್ಠ ಎಷ್ಟು ಹಾಕಬಹುದು ಅಂತ ಇದೇ ಕಮಾಂಡಿಗೆ 17ರ ಬದಲು -ಟಿ 16 ಕೊಟ್ಟರೆ ಹೇಳುತ್ತೆ, ಆದರೆ ಅದನ್ನು ನಾನು ಪೂರ್ತಿ ನಂಬಲ್ಲ. ಈ ಕಮಾಂಡ್ ಚಿಪ್ಪನ್ನು ಮುಟ್ಟಿ ನೋಡೋದಿಲ್ಲ, ಬಯಾಸ್ (ಯಂತ್ರ ಆನ್ ಆದ ತಕ್ಷಣ ಓಡುವ ಫರ್ಮ್‌ವೇರ್) ಬರೆದಿಟ್ಟ ಪಟ್ಟಿಯನ್ನು ಓದಿ ಹೇಳುತ್ತೆ. ಬಯಾಸ್ ತಪ್ಪು ಬರೆದಿದ್ದರೆ ಇದೂ ತಪ್ಪೇ. ಕಂಪನಿಯ ಮ್ಯಾನ್ಯುಯಲ್ ಒಮ್ಮೆ ನೋಡಿಬಿಡಿ.

ಇನ್ನೊಬ್ಬ ಸದಸ್ಯರು: ವಿಂಡೋಸ್‌ನಲ್ಲಿ ಹೇಗೆ ಸರ್?

ಉತ್ತರ: ಪವರ್‌ಶೆಲ್‌ನಲ್ಲಿ "ಗೆಟ್-ಸಿಮ್‌ಇನ್‌ಸ್ಟನ್ಸ್ ವಿನ್32_ಫಿಸಿಕಲ್‌ಮೆಮೊರಿ". ಪೂರ್ತಿ ಪಟ್ಟಿ ಬೇಕಿದ್ದರೆ ಮುಂದೆ ಒಂದು ಪೈಪ್ ಗೆರೆ, ಆಮೇಲೆ "ಸೆಲೆಕ್ಟ್ *". ಅಲ್ಲಿ ಎಸ್‌ಎಂಬಯಾಸ್‌ಮೆಮೊರಿಟೈಪ್ ಎದುರು ಬರೀ ಅಂಕಿ ಇರುತ್ತೆ: 24 ಅಂದ್ರೆ ಡಿಡಿಆರ್3, 26 ಡಿಡಿಆರ್4, 34 ಡಿಡಿಆರ್5.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. 8ರ ಕಡ್ಡಿಯನ್ನೇ ಕೇಳ್ತೀನಿ. ಮುಚ್ಚಳ ಅಂಗಡಿಯವರೇ ಬಿಚ್ಚಲಿ!