ಪದ ಬೇಕು (ಅರ್ಜೆಂಟ್): ವರ್ಚುವಲ್ ಮಷೀನಿನ ಕಾನ್ಫಿಗರೇಶನ್ ಫೈಲ್ ಮತ್ತೆ ಮಾಡೂದಕ್ಕೆ

ಶಿರಸಿಯಿಂದ:
ನಮಸ್ಕಾರ. ಇಲ್ಲಿನ ಒಂದು ಅಡಿಕೆ ಸೊಸೈಟಿಗೆ ಕನ್ನಡದಲ್ಲಿ ಕೈಪಿಡಿ ಮಾಡಿಕೊಡ್ತಾ ಇದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗ್ತದೆ. ಅವರ ಹಳೇ ಲೆಕ್ಕದ ಪ್ರೋಗ್ರಾಮ್ ವಿಎಂವೇರ್ ಮಷೀನ್ ಒಳಗೆ, ಅಂದ್ರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರಲ್ಲಿ ಓಡ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಅದರ ಕಾನ್ಫಿಗರೇಶನ್ ಇರೋ ವಿಎಂಎಕ್ಸ್ ಫೈಲ್ ಕೆಟ್ಟರೆ ಮಷೀನ್ ಏಳೂದಿಲ್ಲ, ಆದ್ರೆ ವಿಎಂಡಿಕೆ ಡಿಸ್ಕ್ (ಆ ಮಷೀನಿಗೆ ಹಾರ್ಡ್ ಡಿಸ್ಕಿನ ಹಾಗೆ ಇರೋ ಫೈಲ್) ಸರಿ ಇದ್ರೆ ಲೆಕ್ಕ ಎಲ್ಲಾ ಅದರೊಳಗೇ ಇರ್ತದೆ. ವಿಎಂಎಕ್ಸ್ ಅಂದ್ರೆ ಬರೀ ಟೆಕ್ಸ್ಟು, ಮೆಮರಿ ಎಷ್ಟು, ಡಿಸ್ಕ್ ಯಾವ್ದು, ನೆಟ್‌ವರ್ಕ್ ಕಾರ್ಡ್ ಯಾವ್ದು ಅಂತ ಸಾಲುಸಾಲು. ಮಷೀನ್ ಹಿಂದೆ ಚಾಲೂ ಆದಾಗ ಇದ್ದ ಅದೇ ಸಾಲುಗಳು ವಿಎಂವೇರ್ ತಾನೇ ಬರೆದಿಡೋ ದಿನಚರಿ ಫೈಲಲ್ಲಿ, ಅಂದ್ರೆ ಲಾಗ್‌ನಲ್ಲಿ, ‘ಡಿಕ್ಟ್’ ಅನ್ನೋ ಗುರುತಿನ ಜೊತೆ ಸಿಗ್ತವೆ, ಅವನ್ನ ಹೆಕ್ಕಿ ಹೊಸ ಫೈಲ್ ಮಾಡೂದು. ಈ ಕೆಲಸಕ್ಕೆ ತಲೆಬರಹ ಏನು ಕೊಡ್ಲಿ? ‘ಸಂರಚನಾ ಕಡತದ ಪುನರ್‌ಸಂರಚನೆ’ ಅಂತ ಹಾಕಿದ್ದೇನೆ.

ಕಾರವಾರದಿಂದ:
ತೆಗೀರಿ ಅದನ್ನ. ಅಡಿಕೆ ತೂಕ ಮಾಡೋರು ಓದೂದು ಅದು. ‘ಮರುಕಟ್ಟು’ ಸಾಕು.

ಕುಮಟಾದಿಂದ:
ಮರುಕಟ್ಟು ಅಂದ್ರೆ ಮನೆ ಕಟ್ಟಿದ ಹಾಗೆ ಕೇಳ್ತದೆ, ಒಪ್ಪೂದಿಲ್ಲ. ಆದ್ರೆ ‘ಕಡತ’ ಮಾತ್ರ ಬಿಡಬೇಡಿ. ಹಿಂದೆ ಕಡತ ಅಂದ್ರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಕೆ ಮಾಡಿಟ್ಟದ್ದು, ಬಳಪದಲ್ಲಿ ಬರೆಯೂದು, ಬೇಡಾದಾಗ ಒರೆಸಿ ಅದರ ಮೇಲೇ ಮತ್ತೆ ಬರೆಯೂದು. ವ್ಯಾಪಾರಸ್ಥರ ಲೆಕ್ಕ, ಮಠದ ಲೆಕ್ಕ ಎಲ್ಲಾ ಅದ್ರಲ್ಲೇ ಇರ್ತಿತ್ತು. ಅಳಿಸಿ ಬರೆಯೋ ಲೆಕ್ಕದ ಫೈಲಿಗೆ ಇಷ್ಟು ಸರಿಯಾದ ಮಾತು ನಮ್ಮಲ್ಲೇ ಇರುವಾಗ ‘ಫೈಲ್’ ಅಂತ ಬರೆಯೂದು ಸೋಮಾರಿತನ.

ಸಿದ್ದಾಪುರದಿಂದ:
ಇತಿಹಾಸ ಆಮೇಲೆ ಮಾಡುವ, ಅವರಿಗೆ ನಾಳೆ ಪ್ರಿಂಟು. ಪುನರ್‌ಸಂರಚನೆಯಲ್ಲಿ ಅರ್ಥವೇ ತಪ್ಪಿದೆ ಮಾರಾಯ್ರೆ, ಅದನ್ನ ಓದಿದವ ಸೆಟ್ಟಿಂಗ್ ಬದಲಾಯಿಸೂದು ಅಂತ ತಿಳೀತಾನೆ. ಇಲ್ಲಿ ಒಂದು ಸಾಲೂ ಬದಲಾಗಬಾರ್ದು, ಇದ್ದದ್ದೇ ವಾಪಸ್ ಬರಬೇಕು. ಹೊಸ ಫೈಲಿಂದ ಎಬ್ಬಿಸುವಾಗ ಮಷೀನನ್ನ ಸ್ಥಳಾಂತರ ಮಾಡಿದ್ರಾ, ನಕಲು ಮಾಡಿದ್ರಾ ಅಂತ ವಿಎಂವೇರ್ ಕೇಳಿದ್ರೆ, ನಕಲು ಅಂದ್ರೆ ಯುಯುಐಡಿ (ಮಷೀನಿನ ಗುರುತಿನ ಸಂಖ್ಯೆ), ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಎರಡೂ ಹೊಸದಾಗ್ತವೆ, ಲೆಕ್ಕದ ಪ್ರೋಗ್ರಾಮಿನ ಲೈಸೆನ್ಸ್ ಆ ಮ್ಯಾಕಿಗೇ ಕಟ್ಟಿದ್ದರೆ ಅಲ್ಲಿಗೆ ಮುಗೀತು. ‘ಮತ್ತೆ ಬರೆಯುವುದು’ ಅಂತ ಕ್ರಿಯಾಪದದಲ್ಲೇ ಹೇಳಿ, ಪ್ರತಿಯೊಂದಕ್ಕೂ ನಾಮಪದ ಹೊಸೆಯೋ ಚಟ ಯಾಕೆ?

ಕುಮಟಾದಿಂದ:
ನಾಮಪದ ಇಲ್ಲದೆ ಶಾಸ್ತ್ರ ಬೆಳೆಯೂದಿಲ್ಲ. ಇವತ್ತು ಫೈಲ್ ಬಿಟ್ರಿ, ನಾಳೆ ಬರೆಯೂದನ್ನೂ ‘ರೈಟ್ ಮಾಡೂದು’ ಅಂತೀರಿ.

ಅಂಕೋಲಾದಿಂದ:
ಪಗಾರ, ಚಾವಿ, ಬಟಾಟೆ ಮೂರೂ ಪೋರ್ಚುಗೀಸರಿಂದ ಬಂದದ್ದು, ನಮ್ಮ ಕರಾವಳಿಯಲ್ಲಿ ಅವಿಲ್ಲದೆ ಒಂದು ದಿನ ಹೋಗೂದಿಲ್ಲ. ದಫ್ತರ ಫಾರಸಿ. 1956ರವರೆಗೆ ಮುಂಬೈ ಕಡೆಗಿದ್ದ ಜಿಲ್ಲೆ ಇದು, ಮರಾಠಿ ದಾಖಲೆ ಓದಿದ ಅಜ್ಜಂದಿರ ಕನ್ನಡ ಎಲ್ಲೂ ಹಾಳಾಗ್ಲಿಲ್ಲ. ಸೊಸೈಟಿಯವರ ಸ್ಕ್ರೀನಲ್ಲಿ ‘ಫೈಲ್’ ಅಂತಲೇ ಇದೆ, ಕೈಪಿಡಿಯಲ್ಲಿ ‘ಕಡತ’ ಅಂದ್ರೆ ಅವರು ಕಪಾಟಿನಲ್ಲಿ ಹುಡುಕ್ತಾರೆ. ನಾನು ಇದನ್ನ ಗಟ್ಟಿಯಾಗೇ ಹೇಳ್ತೇನೆ.

ಕಾರವಾರದಿಂದ:
ಚಾವಿಗೆ ಮುನ್ನೂರು ವರ್ಷ ಮೇಲಾಯ್ತು. ಫೈಲ್ ನಿನ್ನೆ ಬಂದದ್ದು. ಹೋಲಿಸಬೇಡಿ.

ಶಿರಸಿಯಿಂದ:
ಸಿದ್ದಾಪುರದವರು ಹೇಳಿದ್ದು ಹೌದು, ಲೈಸೆನ್ಸಿನ ಮಾತು ಕೈಪಿಡಿಗೂ ಸೇರಿಸ್ತೇನೆ. ತಲೆಬರಹ ‘ವಿಎಂಎಕ್ಸ್ ಫೈಲ್ ಮತ್ತೆ ಬರೆದು ಮಷೀನ್ ಎಬ್ಬಿಸುವುದು’. ಕಡತದ ವಿವರ ಚೆನ್ನಾಗಿತ್ತು ಆದ್ರೂ ಸೊಸೈಟಿಯಲ್ಲಿ ಕಡತ ಅಂದ್ರೆ ಕೆಂಪು ದಾರ ಕಟ್ಟಿದ ಕಟ್ಟು, ಅದರ ಜೊತೆ ಗೊಂದಲ ಆಗ್ತದೆ. ಇನ್ನೊಂದು ಉಳೀತು. ಸ್ನ್ಯಾಪ್‌ಶಾಟ್ (ಮಷೀನಿನ ಆ ಹೊತ್ತಿನ ಸ್ಥಿತಿ ಹಿಡಿದಿಡೂದು, ಆಮೇಲಿನ ಬದಲಾವಣೆ ಬೇರೆ ಡಿಸ್ಕ್ ಫೈಲಿಗೆ ಹೋಗ್ತದೆ) ತೆಗೆದಿದ್ದರೆ ಹೊಸ ಫೈಲಲ್ಲಿ ಮೂಲ ಡಿಸ್ಕಿನ ಹೆಸರು ಕೊಡಬಾರ್ದು, 000001 ಹೀಗೆ ಕೊನೆಗೆ ಅಂಕಿ ಇರೋದ್ರಲ್ಲಿ ಲಾಗ್ ತೋರಿಸೋ ಕೊನೇದನ್ನೇ ಕೊಡಬೇಕು, ಇಲ್ಲದಿದ್ರೆ ಸರಪಳಿ ತಪ್ಪಿ ಸ್ನ್ಯಾಪ್‌ಶಾಟ್ ನಂತರದ ಲೆಕ್ಕ ಕೈಗೆ ಸಿಗೂದಿಲ್ಲ. ‘ಸ್ನ್ಯಾಪ್‌ಶಾಟ್’ ಹಾಗೇ ಇಡ್ತಾ ಇದ್ದೇನೆ, ಯಾರಿಗಾದ್ರೂ ಬೇರೆ ಪದ ಹೊಳೆದ್ರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.